ಹೆಸರು ಕುರಿ, ನೆಂಟಸ್ತನ ಎಮ್ಮೆ ಜೊತೆ!

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕಾಡಿನಲ್ಲಿ ನಾಚಿಕೆ ಸ್ವಭಾವದ ಒಂದು ಪ್ರಾಣಿ ಇದೆ. ನಮ್ಮ ಕಡೆ ಜನ ಅದನ್ನ ಕೊಂಡುಕುರಿ ಅಂತಾರೆ. ಪೇಪರ್‌ನಲ್ಲಿ ‘ನಾಲ್ಕು ಕೊಂಬಿನ ಜಿಂಕೆ’ ಅಂತಲೂ ಬರೀತಾರೆ. ಒಂದು ಹೆಸರಿನ ಪ್ರಕಾರ ಅದು ಕುರಿ, ಇನ್ನೊಂದರ ಪ್ರಕಾರ ಜಿಂಕೆ. ಅಸಲಿಗೆ ಅದು ಎರಡೂ ಅಲ್ಲ. ಕೊಂಬು, ಹಲ್ಲು, ತಲೆಬುರುಡೆ ಹಿಡಿದು ವಂಶಾವಳಿ ಹುಡುಕಿದರೆ, ಅದು ಕುರಿಗಿಂತಲೂ ಜಿಂಕೆಗಿಂತಲೂ ಹತ್ತಿರವಾಗಿರೋದು ನಮ್ಮ ಕೊಟ್ಟಿಗೆಯ ಹಸು ಎಮ್ಮೆಗಳಿಗೆ!

ಹೆಸರು ಸುಳ್ಳು ಹೇಳುತ್ತೆ, ಮೇಲ್ನೋಟವೂ ಸುಳ್ಳು ಹೇಳುತ್ತೆ. ಹಾಗಾದ್ರೆ ಮೂಳೆ ಮಾತ್ರ ನಿಜ ಹೇಳುತ್ತೆ ಅಂತ ನಂಬೋದು ಹೇಗೆ? ಜೀವವಿಕಾಸಕ್ಕೆ ಸಾಕ್ಷಿ ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರೆ ಉತ್ತರ ಶುರುವಾಗೋದೇ ಇಲ್ಲಿಂದ.

ನಾನು ಚನ್ನಗಿರಿಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಜೀವಶಾಸ್ತ್ರ ನನ್ನ ಸಬ್ಜೆಕ್ಟ್ ಅಲ್ಲ. ಹೊನ್ನಾಳಿಯಲ್ಲಿರೋ ಅಕ್ಕನ ಮಗಳು ಹೈಸ್ಕೂಲು. ಒಂದು ದಿನ ಯಾವುದೋ ರೀಲ್ಸ್ ನೋಡಿ ಫೋನ್ ಮಾಡಿದ್ಲು: “ಮಾಮ, ತಿಮಿಂಗಿಲಕ್ಕೆ ಒಳಗಡೆ ಕೈ ಬೆರಳು ಇದಾವಂತೆ, ಹೌದಾ?” ಹೌದು ಅಂದೆ. “ಯಾಕೆ?” ಅಂದ್ಲು. ಆ ‘ಯಾಕೆ’ಗೆ ಉತ್ತರ ಶಾಲೆಯಲ್ಲಿ ಸಿಗೋದು ಈಗ ಕಷ್ಟ. ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಂತ ಒಂದು ಪಾಠ ಇತ್ತು. 2023ರ ಪುಸ್ತಕದಲ್ಲಿ ಅದು ಬರೀ ‘ಅನುವಂಶೀಯತೆ’ ಆಯ್ತು. ಇದು ಸರಿಯಲ್ಲ ಅಂತ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಆಗ ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ರು. ಜೀವವಿಕಾಸದ ಪಾಠ 12ನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆ, ನಿಜ. ಆದರೆ ಪಿಯುಸಿಯಲ್ಲಿ ಪಿಸಿಎಂಸಿ ತಗೊಂಡು ಸೀದಾ ಇಂಜಿನಿಯರಿಂಗಿಗೆ ಹೋಗೋರಿಗೆ, ಕಾಮರ್ಸ್, ಆರ್ಟ್ಸ್ ತಗೊಳ್ಳೋರಿಗೆ 10ನೇ ಕ್ಲಾಸೇ ಕೊನೇ ಬಸ್ಸು. ಅದು ತಪ್ಪಿದ್ರೆ ಮುಂದೆ ಯಾರೂ ಹೇಳಿಕೊಡಲ್ಲ.

ಒಳ್ಳೇ ವಿಷಯ ಏನಂದ್ರೆ, ಈ ಪಾಠಕ್ಕೆ ಲ್ಯಾಬ್ ಬೇಡ. ಒಂದು ಕೈ, ಒಂದು ಎತ್ತು, ಒಂದು ಕುರಿ ಕಾಲು ಇದ್ರೆ ಸಾಕು.

ಮೊದಲು ನಿಮ್ಮ ಕೈ ನೋಡ್ಕೊಳ್ಳಿ

ಫೋನ್ ಹಿಡಿದಿರೋ ಕೈಯನ್ನೇ ನೋಡಿ. ಭುಜದಿಂದ ಮೊಣಕೈವರೆಗೆ ಒಂದೇ ಮೂಳೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳ ಗುಂಪು. ಆಮೇಲೆ ಅಂಗೈ, ಐದು ಬೆರಳು. ಒಂದು, ಎರಡು, ಒಂದು ಗುಂಪು, ಬೆರಳುಗಳು. ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಮುಂದಿನ ಸಲ ಚಿಕನ್ ವಿಂಗ್ಸ್ ತಿನ್ನುವಾಗ ಅದೇ ಲೆಕ್ಕ ಹಾಕಿ. ಮೈಗೆ ಅಂಟಿಕೊಂಡ ಭಾಗದಲ್ಲಿ ಒಂದು ಮೂಳೆ. ನಡುವಿನ ತುಂಡಿನಲ್ಲಿ ಎರಡು. ನಾವು ತಿನ್ನದೇ ಬಿಡೋ ತುದಿ ಇದೆಯಲ್ಲ, ಅದು ಮಣಿಕಟ್ಟು ಮತ್ತು ಬೆರಳು. ಐದರಲ್ಲಿ ಮೂರು ಮಾತ್ರ ಉಳಿದು, ಅವೂ ಬಹುಪಾಲು ಬೆಸೆದುಕೊಂಡಿವೆ.

ನಮ್ಮ ಚನ್ನಗಿರಿಯ ಸೂಳೆಕೆರೆಗೆ, ಅದೇ ಶಾಂತಿಸಾಗರಕ್ಕೆ ಹೋದವರು ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಬಿಸಿಲು ಕಾಯೋದನ್ನ ನೋಡಿರ್ತೀರಿ. ಆ ರೆಕ್ಕೆಯ ಒಳಗೂ ಇದೇ ಲೆಕ್ಕ. ಸಂಜೆ ಹಾರೋ ಬಾವಲಿಯದ್ದು ಇನ್ನೂ ಸೋಜಿಗ. ಅದರ ನಾಲ್ಕು ಬೆರಳು ಛತ್ರಿ ಕಡ್ಡಿ ಹಾಗೆ ಉದ್ದವಾಗಿ, ನಡುವೆ ಚರ್ಮ ಹರಡಿಕೊಂಡಿದೆ. ಹೆಬ್ಬೆರಳು ಮಾತ್ರ ಹೊರಗೆ, ಕೊಕ್ಕೆಯ ಹಾಗೆ. ಹಕ್ಕಿ ಗರಿಯಿಂದ ಹಾರುತ್ತೆ, ಬಾವಲಿ ಬೆರಳಿನ ನಡುವಿನ ಚರ್ಮದಿಂದ ಹಾರುತ್ತೆ. ಕೆಲಸ ಒಂದೇ, ದಾರಿ ಬೇರೆ. ಆದರೆ ಇಬ್ಬರ ಕೈಯಲ್ಲೂ ಒಂದು-ಎರಡು-ಗುಂಪು-ಬೆರಳಿನ ಲೆಕ್ಕ ತಪ್ಪಿಲ್ಲ. ಅದೇ ಕೆರೆಯ ಮೇಲೆ ಹಾರೋ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಲ್ಲಿ ಒಂದು ಮೂಳೆಯೂ ಇಲ್ಲ.

ಹುಟ್ಟು ಒಂದೇ ಆಗಿ ಕೆಲಸ ಬೇರೆ ಬೇರೆ ಆದ ಅಂಗಗಳಿಗೆ ರಚನಾನುರೂಪಿ ಅಂಗಗಳು ಅಂತಾರೆ. ನಮ್ಮ ಕೈ, ಬಾವಲಿ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ ಹಾಗೆ. ಕೆಲಸ ಒಂದೇ ಆಗಿ ಹುಟ್ಟು ಬೇರೆ ಆದರೆ ಕಾರ್ಯಾನುರೂಪಿ. ಹಕ್ಕಿ ರೆಕ್ಕೆ, ಚಿಟ್ಟೆ ರೆಕ್ಕೆ ಹಾಗೆ. 1555ರಲ್ಲೇ ಫ್ರಾನ್ಸಿನ ಪಿಯೆರ್ ಬೆಲೊನ್ ಮನುಷ್ಯನ ಅಸ್ಥಿಪಂಜರ, ಹಕ್ಕಿಯ ಅಸ್ಥಿಪಂಜರ ಎರಡನ್ನೂ ಪಕ್ಕಪಕ್ಕ ಬರೆದು ಮೂಳೆಗೆ ಮೂಳೆ ಹೊಂದಿಸಿ ತೋರಿಸಿದ್ದ. ಹೋಲಿಕೆ ಕಂಡಿತ್ತು, ಕಾರಣ ಗೊತ್ತಿರಲಿಲ್ಲ. ಮೂರು ಶತಮಾನ ಆದಮೇಲೆ, 1859ರಲ್ಲಿ, ಡಾರ್ವಿನ್ ಕಾರಣ ಹೇಳಿದ: ಇವೆಲ್ಲ ಒಂದೇ ಮೂಲದಿಂದ ಆಸ್ತಿಯಾಗಿ ಬಂದವು, ಆಮೇಲೆ ಒಬ್ಬೊಬ್ಬರ ಬದುಕಿಗೆ ತಕ್ಕ ಹಾಗೆ ತಿದ್ದುಪಡಿ ಆದವು.

ಉಗುರಿನ ಮೇಲೆ ನಡೆಯೋ ಎತ್ತು

ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿ ಕಡೆ ನಮ್ಮ ದೊಡ್ಡಪ್ಪನ ಮನೆ. ದೀಪಾವಳಿ ಆದಮೇಲೆ ಆ ಭಾಗದಲ್ಲಿ ಹೋರಿ ಬೆದರಿಸೋ ಹಬ್ಬದ್ದೇ ಮಾತು. ಹೋರಿ ಓಡೋದನ್ನ ಮೊಬೈಲಲ್ಲಿ ಸ್ಲೋ ಮೋಷನ್ ಮಾಡಿ ನೋಡಿದ್ರೆ ಒಂದು ವಿಚಿತ್ರ ಕಾಣುತ್ತೆ: ಮುಂಗಾಲಿನ ‘ಮಂಡಿ’ ಒಂದು ಕಡೆ ಮಡಚಿದರೆ, ಹಿಂಗಾಲಿನ ‘ಮಂಡಿ’ ಅದಕ್ಕೆ ಉಲ್ಟಾ ಮಡಚುತ್ತೆ.

ಗುಟ್ಟು ಏನಂದ್ರೆ, ನಾವು ಮಂಡಿ ಅಂದುಕೊಂಡಿರೋದು ಎರಡೂ ಮಂಡಿ ಅಲ್ಲ. ಮುಂಗಾಲಿನಲ್ಲಿರೋದು ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡಿರೋ ಗಂಟು ಅದರ ಹಿಮ್ಮಡಿ. ನಿಜವಾದ ಮಂಡಿ ಮೇಲೆ, ಹೊಟ್ಟೆ ಹತ್ತಿರ ಇದೆ. ಅಂದ್ರೆ ಎತ್ತು ಸದಾ ತುದಿಗಾಲಲ್ಲಿ ನಿಂತಿರುತ್ತೆ, ಅದೂ ಎರಡೆರಡು ಬೆರಳಿನ ಉಗುರಿನ ಮೇಲೆ. ಗೊರಸು ಅಂದ್ರೆ ದಪ್ಪ ಉಗುರು, ಅಷ್ಟೇ.

ಇದನ್ನ ದೊಡ್ಡಪ್ಪನಿಗೆ ಹೇಳಿದೆ. “ಎರಡು ಬೆರಳು ಅನ್ನೋದು ಲಾಳ ಕಟ್ಟೋರಿಗೆ ಗೊತ್ತಿಲ್ಲೇನಪ್ಪಾ? ಕುದುರೆಗೆ ಕಾಲಿಗೊಂದು ಲಾಳ, ಎತ್ತಿಗೆ ಕಾಲಿಗೆ ಎರಡು. ಜೋಡೆತ್ತಿಗೆ ಹದಿನಾರು” ಅಂದ್ರು. ಸರಿಯಾದ ಮಾತು. ಕುದುರೆ ನಿಂತಿರೋದು ನಡುಬೆರಳೊಂದರ ಮೇಲೆ. ಎತ್ತು ನಿಂತಿರೋದು ನಡುಬೆರಳು, ಉಂಗುರ ಬೆರಳು ಎರಡರ ಮೇಲೆ.

ಹಾಗಾದ್ರೆ ಉಳಿದ ಬೆರಳೆಲ್ಲಿ? ಎತ್ತಿನ ಗೊರಸಿನ ಹಿಂದೆ ಸ್ವಲ್ಪ ಮೇಲೆ ಎರಡು ಸಣ್ಣ ಗಟ್ಟಿ ಉಬ್ಬು ಇರ್ತಾವಲ್ಲ, ಅವೇ ತೋರುಬೆರಳು ಮತ್ತು ಕಿರುಬೆರಳು. ಗಟ್ಟಿ ನೆಲದ ಮೇಲೆ ನಡೆಯುವಾಗ ಅವು ನೆಲಕ್ಕೆ ತಾಗೋದೂ ಇಲ್ಲ. ಹೆಬ್ಬೆರಳು ಪೂರ್ತಿ ಹೋಗಿದೆ. ಗೊರಸಿನ ಮೇಲಿರೋ ಉದ್ದನೆ ಮೂಳೆ ನೋಡೋಕೆ ಒಂದೇ, ಆದರೆ ಅದರ ಮೇಲೆ ಉದ್ದಕ್ಕೂ ಒಂದು ಗೀರು ಇದೆ. ಕರು ಇನ್ನೂ ಹೊಟ್ಟೆಯಲ್ಲಿ ಬೆಳೀತಿರುವಾಗ ಅದು ಎರಡು ಬೇರೆ ಬೇರೆ ಮೂಳೆ, ಆಮೇಲೆ ಬೆಸೆದುಕೊಳ್ಳುತ್ತೆ. ಕುದುರೆಯ ಕಾಲಲ್ಲೂ ದೊಡ್ಡ ಮೂಳೆಯ ಅಕ್ಕಪಕ್ಕ ಎರಡು ಸಣಕಲು ಕಡ್ಡಿ ಮೂಳೆ ಇವೆ, ಕಳೆದುಹೋದ ಬೆರಳಿನ ಗುರುತಾಗಿ.

ಹೊಸದಾಗಿ ಕೋಡ್ ಬರೆಯೋರು ಯಾರೂ ಹೀಗೆ ಬರೆಯಲ್ಲ. ಐದು ಬೆರಳಿನ ಹಳೇ ಕೋಡನ್ನ ಓಡ್ತಾ ಇರುವಾಗಲೇ ತಿದ್ದುತ್ತಾ ಬಂದವರ ಕೆಲಸ ಮಾತ್ರ ಹೀಗಿರುತ್ತೆ.

ಕೊಂಡುಕುರಿ ಯಾರ ಮನೆಯದು?

ಈಗ ಜಗಳೂರಿಗೆ ಹೋಗೋಣ. ಮಳೆ ಕಮ್ಮಿ, ಕುರಿ ಜಾಸ್ತಿ ಇರೋ ತಾಲ್ಲೂಕು. ಅಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡು, ಸುಮಾರು 77 ಚದರ ಕಿಲೋಮೀಟರ್, 2011ರಲ್ಲಿ ವನ್ಯಜೀವಿಧಾಮ ಆಯ್ತು. ಕಾರಣ ಕೊಂಡುಕುರಿ. ಈ ಪ್ರಾಣಿ ಇರೋದು ಭಾರತ ಮತ್ತು ನೇಪಾಳದಲ್ಲಿ ಮಾತ್ರ. ಎತ್ತರ ಎರಡು ಅಡಿ ಆಸುಪಾಸು, ತೂಕ ಇಪ್ಪತ್ತು ಕಿಲೋ ಆಸುಪಾಸು. ಹೆಚ್ಚಾಗಿ ಒಂಟಿಯಾಗಿ ಓಡಾಡುತ್ತೆ, ಹುಲ್ಲಿನಲ್ಲಿ ಅಡಗಿ ನಿಲ್ಲುತ್ತೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕೋ ಅಭ್ಯಾಸ ಇರೋದರಿಂದ, ಪ್ರಾಣಿ ಕಾಣದಿದ್ದರೂ ಅದರ ಗುರುತು ಕಾಣುತ್ತೆ. ಗಂಡಿಗೆ ಮಾತ್ರ ಕೊಂಬು: ಕಿವಿಗಳ ನಡುವೆ ಒಂದು ಜೊತೆ ದೊಡ್ಡವು, ಹಣೆಯ ಮುಂದೆ ಒಂದು ಜೊತೆ ಗಿಡ್ಡವು. ಕಾಡು ಪ್ರಾಣಿಗಳಲ್ಲಿ ಸಹಜವಾಗಿ ನಾಲ್ಕು ಕೊಂಬಿರೋದು ಇದೊಂದಕ್ಕೇ ಅನ್ನಬಹುದು.

ಇದು ಜಿಂಕೆ ಯಾಕಲ್ಲ? ಕೊಂಬು ನೋಡಿ. ಚುಕ್ಕೆ ಜಿಂಕೆಯ ಕೊಂಬು ಕವಲೊಡೆಯುತ್ತೆ, ಬಲಿತ ಮೇಲೆ ಅದು ಬರೀ ಮೂಳೆ. ಉದುರಿ ಮತ್ತೆ ಹೊಸದು ಬೆಳೆಯುತ್ತೆ. ಕೊಂಡುಕುರಿಯ ಕೊಂಬು ಹಾಗಲ್ಲ. ಒಳಗೆ ಮೂಳೆಯ ದಿಂಡು, ಮೇಲೆ ನಮ್ಮ ಉಗುರಿನದ್ದೇ ಪದಾರ್ಥದ ಕವಚ. ಕವಲಿಲ್ಲ, ಉದುರೋದೂ ಇಲ್ಲ. ಹಸು, ಎಮ್ಮೆ, ಕುರಿ, ಮೇಕೆ, ಪಕ್ಕದ ರಾಣೆಬೆನ್ನೂರಿನ ಕೃಷ್ಣಮೃಗ ಎಲ್ಲದರದ್ದೂ ಇದೇ ತರಹದ ಕೊಂಬು. ಹಾಗಾಗಿ ಕೊಂಡುಕುರಿ ಈ ದೊಡ್ಡ ಕುಟುಂಬಕ್ಕೆ ಸೇರಿತು.

ಹಾಗಾದ್ರೆ ಕುರಿ ಯಾಕಲ್ಲ? ಕೆಲವು ವಿದೇಶಿ ಕುರಿ ತಳಿಗಳಿಗೆ, ಉದಾಹರಣೆಗೆ ಜೇಕಬ್ ಕುರಿಗೆ, ನಾಲ್ಕು ಕೊಂಬು ಇರುತ್ತೆ. ಕೊಂಬು ಎಣಿಸಿ ಸಂಬಂಧ ಕಟ್ಟೋದಾದ್ರೆ ಇವೆರಡೂ ಅಣ್ಣತಮ್ಮ ಆಗಬೇಕಿತ್ತು. ಆದರೆ ಎಣಿಕೆ ಅಲ್ಲ ಮುಖ್ಯ, ರಚನೆ ಮುಖ್ಯ. ತಲೆಬುರುಡೆ, ಹಲ್ಲಿನ ವಿವರ ಹಿಡಿದು ನೋಡಿದವರು ಕೊಂಡುಕುರಿಯನ್ನ ನೀಲಗಾಯಿಯ ಪಕ್ಕ ಕೂರಿಸಿದ್ರು. ನೀಲಗಾಯಿ ಮತ್ತು ಕೊಂಡುಕುರಿ ಸೇರಿದ ಈ ಗುಂಪು ಹಸು-ಎಮ್ಮೆಗಳಿರೋ ಉಪಕುಟುಂಬದ ಒಳಗೇ ಇದೆ. ಕುರಿ-ಮೇಕೆಗಳ ದಾರಿ ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಬೇರೆ ಆಗಿತ್ತು. ಎಷ್ಟೋ ವರ್ಷ ಆದಮೇಲೆ ಡಿಎನ್‌ಎ ಪರೀಕ್ಷೆ ಬಂತು. ಅದೂ ಕೊಂಡುಕುರಿಯನ್ನ ಹಸುವಿನ ಕಡೆಗೇ ಸೇರಿಸಿತು. ಮೂಳೆ ಹೇಳಿದ್ದನ್ನ, ಮೂಳೆ ನೋಡದೇ ಇರೋ ಇನ್ನೊಬ್ಬ ಸಾಕ್ಷಿ ಬಂದು ಹೌದು ಅಂದ ಹಾಗೆ.

ಗಮನಿಸಿ, ಈ ಗುರುತುಗಳು ಫೋಲ್ಡರ್ ಒಳಗೆ ಫೋಲ್ಡರ್ ಇಟ್ಟ ಹಾಗೆ ಕೂರುತ್ತವೆ. ಬೆನ್ನುಮೂಳೆ ಇರೋವು ಒಂದು ದೊಡ್ಡ ಫೋಲ್ಡರ್. ಅದರೊಳಗೆ ನಾಲ್ಕು ಕಾಲಿನವು. ಅದರೊಳಗೆ ಹಾಲುಣಿಸೋವು. ಅದರೊಳಗೆ ಸೀಳು ಗೊರಸಿನವು. ಅದರೊಳಗೆ ಮೆಲುಕು ಹಾಕೋವು. ಅದರೊಳಗೆ ಉದುರದ ಕೊಂಬಿನವು. ಹಾಲು ಕೊಡೋ ಹಲ್ಲಿ ಇಲ್ಲ, ಗರಿ ಇರೋ ಬಾವಲಿ ಇಲ್ಲ. ಒಂದು ಮನೆತನದ ವಂಶವೃಕ್ಷ ಬರೆದರೆ ಹೇಗೆ ಬರುತ್ತೋ ಹಾಗೇ ಇದೆ.

ಕುರಿ ಕಾಲಿನ ರಾಟೆ, ಕಡಲಿನ ತಿಮಿಂಗಿಲ

ಅಕ್ಕನ ಮಗಳ ತಿಮಿಂಗಿಲಕ್ಕೆ ಬರ್ತೀನಿ. ಅದಕ್ಕೂ ಮೊದಲು ಕುರಿಯ ಹಿಂಗಾಲು. ಹಿಮ್ಮಡಿಯ ಕೀಲಿನಲ್ಲಿ ಒಂದು ಪುಟ್ಟ ಮೂಳೆ ಸಿಗುತ್ತೆ. ಪ್ರಾಚೀನ ಗ್ರೀಕರು, ರೋಮನ್ನರು ಇದನ್ನ ದಾಳದ ಹಾಗೆ ಉರುಳಿಸಿ ಆಡ್ತಿದ್ರು. ಇದರ ಮೇಲ್ತುದಿ ಬಾವಿ ರಾಟೆಯ ಹಾಗೆ ನಡುವೆ ತಗ್ಗು, ಕೆಳತುದಿಯೂ ಹಾಗೇ. ಎರಡೂ ತುದಿಯಲ್ಲಿ ರಾಟೆ ಇರೋ ಈ ಮೂಳೆ ಸೀಳು ಗೊರಸಿನ ಗುಂಪಿನ ಮುದ್ರೆ ಇದ್ದ ಹಾಗೆ. ಕುರಿ, ಹಸು, ಹಂದಿ, ಒಂಟೆ, ಜಿಂಕೆ, ಕೊಂಡುಕುರಿ ಎಲ್ಲಕ್ಕೂ ಇದೆ. ಕುದುರೆಗೆ ಒಂದೇ ಕಡೆ ರಾಟೆ. ನಾಯಿಗೂ, ನಮಗೂ ಈ ಜೋಡಿ ರಾಟೆ ಇಲ್ಲ.

1990ರ ದಶಕದಲ್ಲಿ ಡಿಎನ್‌ಎ ಹೋಲಿಸಿದ ವಿಜ್ಞಾನಿಗಳು ತಿಮಿಂಗಿಲ ಈ ಸೀಳು ಗೊರಸಿನ ಗುಂಪಿನದ್ದೇ, ನೀರಾನೆ ಅದರ ಹತ್ತಿರದ ನೆಂಟ ಅಂದ್ರು. ಪಳೆಯುಳಿಕೆ ತಜ್ಞರಲ್ಲಿ ಹಲವರು ಒಪ್ಪಲಿಲ್ಲ, ಅವರ ಪ್ರಕಾರ ತಿಮಿಂಗಿಲದ ಮೂಲ ಬೇರೆ. ಜಗಳ ಬಗೆಹರಿಯೋಕೆ ಒಂದೇ ದಾರಿ: ಇನ್ನೂ ಹಿಂಗಾಲು ಇದ್ದ ಕಾಲದ ತಿಮಿಂಗಿಲ ಸಿಗಬೇಕು, ಅದರ ಹಿಮ್ಮಡಿ ಕೀಲು ನೋಡಬೇಕು. 2001ರಲ್ಲಿ ಪಾಕಿಸ್ತಾನದ ಪಳೆಯುಳಿಕೆಗಳ ವರದಿ ಬಂತು. ಸುಮಾರು 4.7 ಕೋಟಿ ವರ್ಷ ಹಳೇ ತಿಮಿಂಗಿಲದ ಕಾಲಿನಲ್ಲಿ ಎರಡೂ ತುದಿಗೆ ರಾಟೆ ಇತ್ತು! ಒಪ್ಪದೇ ಇದ್ದವರೂ ಅಭಿಪ್ರಾಯ ಬದಲಿಸಿದ್ರು.

2007ರಲ್ಲಿ ನಮ್ಮ ದೇಶದ್ದೇ ಸಾಕ್ಷಿ ಸೇರಿತು. ಜಮ್ಮು-ಕಾಶ್ಮೀರದ ಕಾಲಾಕೋಟ್‌ನಲ್ಲಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿ ಇಟ್ಟಿದ್ದ ಕಲ್ಲುಗಳು ಅವರು ತೀರಿಕೊಂಡ ಮೇಲೆ ಹ್ಯಾನ್ಸ್ ಥೆವಿಸೆನ್ ಎಂಬ ವಿಜ್ಞಾನಿಯ ಕೈಗೆ ಹೋದವು. ಅದರಲ್ಲಿದ್ದ ಇಂಡೋಹ್ಯೂಸ್ ಎಂಬ ಪುಟ್ಟ ಸೀಳು ಗೊರಸಿನ ಪ್ರಾಣಿಯ ಕಿವಿಯ ಮೂಳೆ ಒಂದು ಬದಿಯಲ್ಲಿ ದಪ್ಪವಾಗಿತ್ತು. ಅಲ್ಲಿವರೆಗೆ ಅಂಥ ಕಿವಿ ಮೂಳೆ ತಿಮಿಂಗಿಲಗಳ ಗುಂಪಿಗೆ ಮಾತ್ರ ಇರೋದು ಅಂತ ತಿಳಿದಿದ್ರು.

ತಿಮಿಂಗಿಲದ ಈಜುರೆಕ್ಕೆಯಲ್ಲಿ ಬೆರಳಿನ ಮೂಳೆ ಯಾಕಿದೆ ಅನ್ನೋ ಪ್ರಶ್ನೆಗೆ ಇದೇ ಉತ್ತರ. ನೆಲದ ಮೇಲೆ ನಡೆದ ಪೂರ್ವಜರಿಂದ ಬಂದದ್ದು. ಈಗಿನ ತಿಮಿಂಗಿಲಗಳಿಗೆ ಹಿಂಗಾಲಿಲ್ಲ, ಆದರೆ ಸೊಂಟದ ಮೂಳೆಯ ಚೂರು ಮಾಂಸದೊಳಗೆ ಉಳಿದಿದೆ.

‘ಒಂದೇ ಡಿಸೈನ್ ಮರುಬಳಕೆ ಇರಬಹುದಲ್ಲ?’

ಆಫೀಸಿನಲ್ಲಿ ಈ ಕಥೆ ಹೇಳಿದಾಗ ಒಬ್ಬರು ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ನಾವೂ ಲೈಬ್ರರಿ ಮರುಬಳಕೆ ಮಾಡ್ತೀವಿ. ಆದರೆ ಮರುಬಳಕೆ ಆದ್ರೆ, ಹಾರೋವಕ್ಕೆಲ್ಲ ಹಾರುವ ಒಂದೇ ಮಾಡ್ಯೂಲ್ ಇರಬೇಕಿತ್ತು. ಹಾಗಿಲ್ಲ. ಹಾರೋ ಬಾವಲಿಯ ಮೂಳೆ ಹೊಂದೋದು ಹಾರದ ಇಲಿಗೆ, ನಮಗೆ, ತಿಮಿಂಗಿಲಕ್ಕೆ. ಹೋಲಿಕೆ ಕೆಲಸದ ಹಿಂದೆ ಹೋಗಲ್ಲ, ನೆಂಟಸ್ತನದ ಹಿಂದೆ ಹೋಗುತ್ತೆ.

ಇನ್ನೊಂದು ಸಾಕ್ಷಿ ಧ್ವನಿಪೆಟ್ಟಿಗೆಯ ನರ. ಮೆದುಳಿನಿಂದ ಹೊರಟು ಗಂಟಲಿನ ಪಕ್ಕದಲ್ಲೇ ಹಾದುಹೋಗುತ್ತೆ, ಅಲ್ಲಿ ನಿಲ್ಲಲ್ಲ. ಎಡಗಡೆಯ ನರ ಎದೆಗೆ ಇಳಿದು, ಹೃದಯದ ದೊಡ್ಡ ರಕ್ತನಾಳವನ್ನ ಬಳಸಿಕೊಂಡು, ಮತ್ತೆ ಮೇಲೆ ಹತ್ತಿ ಗಂಟಲಿಗೆ ಬರುತ್ತೆ. ನಮ್ಮಲ್ಲೂ ಹೀಗೇ, ಎತ್ತಿನಲ್ಲೂ ಹೀಗೇ. ಜಿರಾಫೆಯಲ್ಲಿ ಈ ಸುತ್ತು ದಾರಿ 4 ಮೀಟರ್‌ಗೂ ಹೆಚ್ಚು. ಜಗಳೂರಿಂದ ದಾವಣಗೆರೆಗೆ ಹೊರಟವರು ಬೆಂಗಳೂರು ಮುಟ್ಟಿ ವಾಪಸ್ ಬಂದ ಹಾಗೆ! ಮೀನಿಗೆ ಕುತ್ತಿಗೆ ಇಲ್ಲ, ಹೃದಯ ಕಿವಿರಿನ ಪಕ್ಕದಲ್ಲೇ ಇರುತ್ತೆ. ಅಲ್ಲಿ ಈ ನರದ್ದು ನೇರ ದಾರಿ. ಕುತ್ತಿಗೆ ಬೆಳೆದು ಹೃದಯ ಕೆಳಗೆ ಸರಿದಾಗ ನರ ರಕ್ತನಾಳಕ್ಕೆ ಸಿಕ್ಕಿಕೊಂಡು ಎಳೆದುಕೊಂಡು ಹೋಯ್ತು. ಕಿತ್ತು ಹೊಸದಾಗಿ ಜೋಡಿಸೋ ಅವಕಾಶ ಇರಲಿಲ್ಲ.

ನಿಮ್ಮ ಮೇಲೇ ಒಂದು ಪರೀಕ್ಷೆ ಮಾಡ್ಕೊಳ್ಳಿ. ಹೆಬ್ಬೆರಳು, ಕಿರುಬೆರಳು ಜೋಡಿಸಿ, ಮಣಿಕಟ್ಟನ್ನ ಸ್ವಲ್ಪ ಒಳಕ್ಕೆ ಮಡಚಿ. ಮಣಿಕಟ್ಟಿನ ನಡುವೆ ಹುರಿಯ ಹಾಗೆ ಎದ್ದು ಕಾಣ್ತಾ? ಅದು ಒಂದು ಉದ್ದನೆ ಸ್ನಾಯುವಿನ ತುದಿ. ಕೆಲವರಿಗೆ ಅದು ಇಲ್ಲವೇ ಇಲ್ಲ. ಇಲ್ಲದಿದ್ದರೂ ಕೈಯ ಹಿಡಿತಕ್ಕೆ ಅಂಥ ತೊಂದರೆ ಇಲ್ಲ. ಅದಕ್ಕೇ ಸರ್ಜನ್‌ಗಳು ಬೇರೆ ಕಡೆ ಜೋಡಿಸೋಕೆ ಬೇಕಾದಾಗ ಇಲ್ಲಿಂದ ತೆಗೀತಾರೆ.

ಇನ್ನು ‘ಮಂಗನಿಂದ ಮಾನವ ಆದ್ರೆ ಮಂಗ ಇನ್ನೂ ಯಾಕಿದೆ’ ಅನ್ನೋ ಮಾತು. ನಾನು ದೊಡ್ಡಪ್ಪನ ಮಗನಿಂದ ಹುಟ್ಟಿದವನಲ್ಲ, ನಮ್ಮಿಬ್ಬರಿಗೂ ಅಜ್ಜ ಒಬ್ಬರೇ. ನಾನು ಬೆಂಗಳೂರಿಗೆ ಬಂದೆ ಅಂತ ಅವನು ನ್ಯಾಮತಿಯಲ್ಲಿ ಇರಬಾರದು ಅಂತಿಲ್ಲವಲ್ಲ! ಚಿಂಪಾಂಜಿಗೂ ನಮಗೂ ಸಂಬಂಧ ಅಂಥದ್ದು. ಆ ಅಜ್ಜನ ಕಾಲ ಸುಮಾರು 60-70 ಲಕ್ಷ ವರ್ಷ ಹಿಂದೆ.

ಕೊಂಬೆಯಲ್ಲಿ ಉಳಿದದ್ದು ಎರಡೇ ಎಲೆ

ಇದೆಲ್ಲ ತಿಳಿದು ಆಗಬೇಕಾದ್ದೇನು? ಕೊಂಡುಕುರಿಯನ್ನೇ ತಗೊಳ್ಳಿ. ‘ಕುರಿ’ ಅಂದುಕೊಂಡ್ರೆ, ಲಕ್ಷಾಂತರ ಕುರಿ ಇರೋ ನಾಡಿನಲ್ಲಿ ಒಂದು ಕಾಡುಕುರಿ ಹೋದ್ರೆ ಏನಾಯ್ತು ಅನ್ನಿಸಬಹುದು. ‘ಜಿಂಕೆ’ ಅಂದುಕೊಂಡ್ರೆ, ಜಿಂಕೆ ಬೇಕಾದಷ್ಟಿವೆ ಅನ್ನಿಸಬಹುದು. ಮೂಳೆ ಹೇಳೋ ಕಥೆ ಬೇರೆ. ಕೊಂಡುಕುರಿಯ ಕುಲದಲ್ಲಿ ಈಗಿರೋದು ಅದೊಂದೇ ಪ್ರಭೇದ. ಅದರ ಗುಂಪಿನಲ್ಲಿ ಉಳಿದಿರೋದು ಅದು ಮತ್ತು ನೀಲಗಾಯಿ, ಎರಡೇ. ಒಂದು ಹೋದ್ರೆ ಕೊಂಬೆಯ ಅರ್ಧ ಹೋದ ಹಾಗೆ. ಬೇರೆ ಯಾವ ಕುರಿ, ಯಾವ ಜಿಂಕೆಯನ್ನ ತಂದು ಬಿಟ್ಟರೂ ಆ ಜಾಗ ತುಂಬಲ್ಲ.

ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಕೊಂಡುಕುರಿ ಅಪಾಯಕ್ಕೆ ಸಿಲುಕಬಹುದಾದ ಪ್ರಾಣಿಗಳ ಸಾಲಿನಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದ್ರೆ ಹುಲಿಗೆ ಇರೋ ರಕ್ಷಣೆಯೇ ಇದಕ್ಕೂ. ಒಂಟಿಯಾಗಿ ಅಡಗಿ ಬದುಕೋ ಪ್ರಾಣಿಗೆ ಹುಲ್ಲು, ಪೊದೆ, ಹತ್ತಿರದಲ್ಲಿ ನೀರು ಬೇಕು. ಬೇಸಿಗೆಯ ಬೆಂಕಿ, ಕಾಡಂಚಿಗೆ ಬರೋ ನಾಯಿಗಳು ಅದಕ್ಕೆ ಕಷ್ಟ.

ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ರೆ ಈ ಪಾಠವನ್ನ ಈ ಭಾನುವಾರವೇ ಶುರು ಮಾಡಬಹುದು. ಅಡುಗೆಮನೆಯ ಚಿಕನ್ ರೆಕ್ಕೆಯಿಂದ ಆಗಲಿ, ಮಾಂಸ ತಿನ್ನದವರ ಮನೆಯಲ್ಲಿ ಹಸುವಿನ ಕಾಲಿನಿಂದ ಆಗಲಿ. ಒಂದು, ಎರಡು, ಒಂದು ಗುಂಪು, ಬೆರಳುಗಳು. ಎಣಿಸೋಕೆ ಬಿಡಿ, ‘ಯಾಕೆ’ ಅಂತ ಅವರೇ ಕೇಳ್ತಾರೆ. ನಿಮ್ಮ ಊರಿನಲ್ಲಿ ಕೊಂಡುಕುರಿಗೆ ಬೇರೆ ಹೆಸರಿದ್ರೆ, ಹಿರಿಯರು ಅದನ್ನ ನೋಡಿದ ನೆನಪಿದ್ರೆ, ಬರೆದು ಕಳಿಸಿ. ಆ ಹೆಸರುಗಳಲ್ಲಿ ಎಲ್ಲಾದ್ರೂ ಒಂದು ‘ಎಮ್ಮೆ’ ಇದೆಯಾ ಅಂತ ನೋಡೋ ಆಸೆ ನನಗೆ.